ನಾನು ಕಂಡುಹಿಡಿದ ಗಾಳಿ

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನಿಂದ ಇಳಕಲ್ಲಿಗೆ ರಜೆಗೆ ಬಂದಾಗೆಲ್ಲ ನಮ್ಮ ಓಣಿಯ ಜನ ತಮ್ಮ ಎದೆಯ, ಮೊಣಕಾಲಿನ, ಸೊಂಟದ ಎಕ್ಸ್‌ರೇ ಫಿಲ್ಮುಗಳನ್ನು ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ತಪ್ಪು ಅವರದಲ್ಲ. ಮಗಳು ಅಲ್ಲಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವ್ವ, "ಎಕ್ಸ್‌ರೇದಾಗ ಅದಾಳ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಊರಿನಲ್ಲಿ ಎಕ್ಸ್‌ರೇ ಅಂದರೆ ದವಾಖಾನೆ. ದವಾಖಾನೆ ಅಂದ ಮೇಲೆ ನಾನು ಅರ್ಧ ಡಾಕ್ಟರು.

ಮೊದಮೊದಲು ತಿದ್ದುತ್ತಿದ್ದೆ. "ದವಾಖಾನಿ ಎಕ್ಸ್‌ರೇ ಅಲ್ಲಬೇ, ಆಕಾಶದ ಎಕ್ಸ್‌ರೇ" ಎಂದು ಎದುರು ಮನೆಯ ಅಜ್ಜಿಗೆ ಬಿಡಿಸಿ ಹೇಳಿದೆ. ಅಜ್ಜಿ ಗಾಬರಿಯಾಗಿ, "ಯವ್ವಾ, ಆಕಾಶಕ್ಕ ಏನಾಗೈತಿ?" ಎಂದು ಕೇಳಿದಳು. ಅಂದಿನಿಂದ ತಿದ್ದುವುದನ್ನು ಬಿಟ್ಟೆ. ಯಾರಾದರೂ ಫಿಲ್ಮು ಕೊಟ್ಟರೆ ಕಿಟಕಿಯ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಡಾಕ್ಟರು ಏನಂದ್ರು?" ಎಂದು ಕೇಳುತ್ತಿದ್ದೆ. ಡಾಕ್ಟರು ಏನಂದಿದ್ದರೂ "ಹೌದು, ಬರೋಬರಿ ಐತಿ" ಅನ್ನುತ್ತಿದ್ದೆ. ಯಾವ ಡಾಕ್ಟರರ ಮಾತನ್ನೂ ನಾನು ತೆಗೆದುಹಾಕದ ಕಾರಣ ಹುಡುಗಿಗೆ ಒಳ್ಳೆಯ ತಿಳಿವಳಿಕೆ ಇದೆ ಎಂಬ ಹೆಸರು ಬಂತು. ಜೀವನದಲ್ಲಿ ನನ್ನ ತಿಳಿವಳಿಕೆಯನ್ನು ಅಷ್ಟು ಜನ ಒಟ್ಟಿಗೆ ನಂಬಿದ್ದು ಅದೇ ಮೊದಲು, ಅದೇ ಕೊನೆ.

ನಿಜವಾಗಿ ನಾನು ಮಾಡುತ್ತಿದ್ದ ಕೆಲಸ ಬೇರೆ. ಹಂಸ ಎಂಬ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸಾವಿರಾರು ಜ್ಯೋತಿರ್ವರ್ಷಗಳಾಚೆ, ಒಂದು ಭಾರೀ ನೀಲಿ ನಕ್ಷತ್ರವಿದೆ. ಅದಕ್ಕೊಂದು ಜೋಡಿ. ಆ ಜೋಡಿ ಯಾವ ದುರ್ಬೀನಿಗೂ ಕಾಣುವುದಿಲ್ಲ. ಎರಡೂ ಐದೂವರೆ ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕಾಣದಿರುವುದು ನೀಲಿ ನಕ್ಷತ್ರದ ಅನಿಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದು ಒಳಗೆ ಬೀಳುವ ಮುಂಚೆ ಗಿರಕಿ ಹೊಡೆದು ಕಾದು, ಎಕ್ಸ್‌ರೇ ಕಿರಣಗಳನ್ನು ಸೂಸುತ್ತದೆ. ಕಾಣದ ಆ ಜೋಡಿ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್, ಎಂದು ಆಗಲೇ ಬಹಳ ಜನ ನಂಬಿದ್ದರು. ನಂಬದವರೂ ಇದ್ದರು. ನಾನು ಸಂಬಳ ಕೊಡುವವರ ಜೊತೆ ಸೇರಿ ನಂಬಿದ್ದೆ.

ಆ ಕಿರಣಗಳು ನೆಲಕ್ಕೆ ತಲುಪುವುದಿಲ್ಲ. ಭೂಮಿಯ ಮೇಲಿನ ಗಾಳಿ ಅವನ್ನು ಮೇಲೆಯೇ ನುಂಗಿಬಿಡುತ್ತದೆ. ಹಾಗಾಗಿ ದುರ್ಬೀನನ್ನು ಉಪಗ್ರಹದಲ್ಲಿಟ್ಟು ಗಾಳಿಯಾಚೆ ಕಳಿಸಬೇಕು. ನಮ್ಮ ಮಾರ್ಗದರ್ಶಕರು ಪರದೇಶದ ಒಂದು ಗುಂಪಿನ ಜೊತೆ ಕೂಡಿ ಕೆಲಸ ಮಾಡುತ್ತಿದ್ದುದರಿಂದ ಅವರ ಉಪಗ್ರಹದ ಅಳತೆಗಳು ಟೇಪುಗಳಲ್ಲಿ ನಮಗೆ ಬರುತ್ತಿದ್ದವು. ಕಿರಣಗಳು ಬಂದು ಬಡಿದದ್ದನ್ನು ಅಲ್ಲಿಯ ಯಂತ್ರ ಎಣಿಸುತ್ತಿತ್ತು. ಆ ಎಣಿಕೆಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಸುವುದು ನನ್ನ ಕೆಲಸ. ಒಟ್ಟಿನಲ್ಲಿ, ಕಾಣದ ವಸ್ತುವನ್ನು ಕಾಣದ ಕಿರಣಗಳ ಮೂಲಕ, ನಾನು ಎಂದೂ ಮುಟ್ಟದ ಯಂತ್ರದಿಂದ ನೋಡುವುದು. ಅವ್ವನ ಒಂದು ಮಾತಿನ ಉತ್ತರ ಇದಕ್ಕಿಂತ ಎಷ್ಟೋ ಮೇಲು ಎಂದು ಈಗ ಅನ್ನಿಸುತ್ತದೆ.

ಒಂದು ಬೇಸಿಗೆಯಲ್ಲಿ ನನ್ನ ಗೆರೆ ತಗ್ಗಿಗೆ ಬಿತ್ತು. ಎಕ್ಸ್‌ರೇ ಚೆನ್ನಾಗಿ ಬರುತ್ತಿದ್ದುದು ಇದ್ದಕ್ಕಿದ್ದಂತೆ ಇಳಿದುಹೋಗಿತ್ತು, ಅದೂ ಮೂರು ಕಡೆ. ಮೆತ್ತಗಿನ ಕಿರಣಗಳು ಮೊದಲು ಮಾಯವಾಗಿ, ಗಡಸು ಕಿರಣಗಳು ಕೊನೆಯತನಕ ಉಳಿದಿದ್ದವು. ಇದರ ಅರ್ಥ ನನಗೆ ಗೊತ್ತಿತ್ತು: ನಡುವೆ ಅನಿಲದ ಮುದ್ದೆಯೊಂದು ಅಡ್ಡ ಬಂದರೆ ಹೀಗೇ ಆಗುತ್ತದೆ. ನೀಲಿ ನಕ್ಷತ್ರದಿಂದ ಕಪ್ಪುಕುಳಿಯ ಕಡೆ ಹರಿಯುವ ಅನಿಲದ ಧಾರೆಯನ್ನು ನಾನು ಹಿಡಿದುಬಿಟ್ಟಿದ್ದೆ. ಮೂರರಲ್ಲಿ ಎರಡು ತಗ್ಗು, ನೀಲಿ ನಕ್ಷತ್ರ ಮುಂದೆ ಬರುವ ಹೊತ್ತಿಗೇ ಬಿದ್ದಿದ್ದವು. ಮೂರನೆಯದು ಎಲ್ಲೋ ಸಂಬಂಧವಿಲ್ಲದ ಕಡೆ ಬಿದ್ದಿತ್ತು. ಅದಕ್ಕೂ ನಾನೊಂದು ವಿವರಣೆ ಬರೆದೆ, ಎರಡು ಪುಟ. ಅಷ್ಟು ಚಂದದ ಎರಡು ಪುಟ ನಾನು ಆಮೇಲೆ ಬರೆದಿಲ್ಲ.

ಮಾರ್ಗದರ್ಶಕರು ಪ್ರವಾಸದಲ್ಲಿದ್ದರು. ಅವರ ಮೇಜಿನ ಮೇಲೆ ನನ್ನ ಕರಡನ್ನಿಟ್ಟು, ಅಗತ್ಯ ಬಿದ್ದರೆ ಇರಲಿ ಎಂದು ಇಳಕಲ್ಲಿನ ಕಾಕಾನ ಅಂಗಡಿಯ ಫೋನ್ ನಂಬರ್ ಬರೆದು ಊರಿನ ಬಸ್ಸು ಹತ್ತಿದೆ. ಬೆಂಗಳೂರು ದಾಟುವಷ್ಟರಲ್ಲಿ ಪರದೇಶದ ಸಭೆಯಲ್ಲಿ ಭಾಷಣ ಮಾಡುತ್ತಿದ್ದೆ. ಹೊಸಪೇಟೆ ದಾಟುವಷ್ಟರಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೆ.

ಊರಿಗೆ ಹೋದ ಕಾರಣ ಬೇರೆಯೇ ಇತ್ತು. ಹುನಗುಂದದಿಂದ ಕನ್ಯೆ ನೋಡಲು ಬರುವವರಿದ್ದರು. ಹುಡುಗ ಹುನಗುಂದದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ. ತಂದೆ ಇರಲಿಲ್ಲ, ತಾಯಿಯದೇ ಕಾರುಬಾರು. ಸಂಬಂಧ ತಂದವನು ನಮ್ಮ ಕಾಕಾ, ಅಪ್ಪನ ತಮ್ಮ. ಅಪ್ಪ ಸಾಲೆಯ ಹೆಡ್‌ಮಾಸ್ತರರಾಗಿದ್ದವರು, ಮಾತು ಕಡಿಮೆ. ಕಾಕಾ ಇಳಕಲ್ಲ ಸೀರೆಗಳ ಅಂಗಡಿ ಇಟ್ಟವನು. ಅಣ್ಣನ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಬಂದ ಸಂಜೆಯೇ ಅಪ್ಪನಿಗೆ ನನ್ನ ತಗ್ಗುಗಳ ಕಥೆ ಹೇಳಿದೆ. ಅಪ್ಪ ಕೇಳಿ, "ನಿಮ್ಮ ಸರ್ ನೋಡ್ಯಾರೇನು?" ಎಂದರು. "ಇನ್ನಾ ನೋಡಿಲ್ಲ." "ಹಂಗಾರ ನೋಡ್ಲಿ." ಅಷ್ಟೇ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕಾಕಾ ಮಾತ್ರ ಕಥೆಯ ಮೊದಲರ್ಧ ಕೇಳಿಸಿಕೊಂಡಿದ್ದ. ಅವನಿಗೆ ಯಾವ ಕಥೆಯದಾದರೂ ಅಷ್ಟು ಸಾಕಿತ್ತು.

ಹುನಗುಂದದವರು ಬಂದರು. ಅವಲಕ್ಕಿ, ಚಹಾ ಆಯಿತು. ಹುಡುಗನ ತಾಯಿ ನನ್ನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ದಿನಾ ಆ ಎಕ್ಸ್‌ರೇ ಮಷೀನ್ ಹತ್ರಾನ ಕುಂಡ್ರತೀಯೇನವಾ?"

"ಇಲ್ರಿ ಅಮ್ಮಾರ. ಮಷೀನ್ ಆಕಾಶದಾಗ ಐತಿ."

"ಆಕಾಶದಾಗ?"

"ಹೂನ್ರಿ. ಉಪಗ್ರಹದಾಗ. ಭೂಮಿ ಸುತ್ತ ತಿರಗ್ತೈತಿ."

"ಅಲ್ಲಿಂದ ಕೆಳಗ ಬಿಡ್ತೈತೇನು ಎಕ್ಸ್‌ರೇ? ನಮ್ಮೆಲ್ಲಾರ ತಲಿ ಮ್ಯಾಲೆ?"

ಕೂತವರೆಲ್ಲ ಒಮ್ಮೆ ಜಂತಿಯ ಕಡೆ ನೋಡಿದರು. ನಾನು ಅವಸರವಾಗಿ, "ಬಿಡಂಗಿಲ್ರಿ, ಹಿಡೀತೈತಿ" ಎಂದೆ.

"ಹಿಡದು ಯಾರ ಕೈಯಾಗ ಕೊಡ್ತೈತಿ?"

"ನನ್ನ ಕೈಯಾಗ್ರಿ."

ಹೆಮ್ಮೆಯಿಂದ ಹೇಳಿದ ಮಾತು. ಆ ತಾಯಿ ತಮ್ಮ ಮೊಣಕಾಲಿಗೆ ತಾಗುವಂತಿದ್ದ ನನ್ನ ಕೈಯನ್ನೊಮ್ಮೆ ನೋಡಿ ಸ್ವಲ್ಪ ಸರಿದು ಕೂತರು. ಆಮೇಲೆ ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಕೇಳಿದ್ದು ನನಗೂ ಕೇಳಿಸಿತು. "ಹುಡುಗಿ ಚಲೋ ಅದಾಳ್ರಿ. ಆದ್ರ ಎಕ್ಸ್‌ರೇ ಅಂದ್ರ ಬಸುರಿ ಹೆಂಗಸರನ್ನ ಆ ಖೋಲಿ ಒಳಗ ಬಿಡಂಗಿಲ್ಲ ನೋಡ್ರಿ. ನಾಳೆ ಮಕ್ಕಳು ಮರಿ ಆಗೂದಕ್ಕ ಏನರ ತ್ರಾಸ ಆದ್ರ?" ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದ ಒಂದೇ ಮಾತು ಈಗ ಅವ್ವನಿಗೆ ಕೈಕೊಟ್ಟಿತ್ತು.

ಇತ್ತ ಹುಡುಗ ನನ್ನನ್ನು ಕೇಳಿದ. "ಈ ಬ್ಲ್ಯಾಕ್ ಹೋಲ್ ಯಾರೂ ನೋಡೇ ಇಲ್ಲ ಅಂತೀರಿ. ಮತ್ತ ಐತಿ ಅಂತ ಹೆಂಗ ಹೇಳ್ತೀರಿ?"

"ಫುಗಡಿ ಆಡೂದು ನೋಡೀರಲ್ರಿ? ಇಬ್ಬರು ಕೈ ಹಿಡಕೊಂಡು ಗರಗರ ತಿರಗ್ತಾರ. ಒಬ್ಬಾಕಿ ಕಾಣಾಕತ್ತಾಳ, ಇನ್ನೊಬ್ಬಾಕಿ ಕಾಣವಲ್ಲಳು ಅಂತ ತಿಳೀರಿ. ಕಾಣಾಕಿ ಬೀಳದಂಗ ಹಿಂದಕ್ಕ ವಾಲಿ ತಿರಗ್ತಾಳ ಅಂದ್ರ, ಅತ್ಲಾಗ ಯಾರೋ ಹಿಡದಾರ ಅಂತಾತು. ಎಷ್ಟು ಜೋರ ಎಳೀತಾರ ಅನ್ನೂದ್ರಿಂದ ತೂಕನೂ ತಿಳೀತೈತಿ."

"ಸಾಂದರ್ಭಿಕ ಸಾಕ್ಷಿ" ಎಂದ ಆತ.

"ಅದರ ಮ್ಯಾಲೆ ಶಿಕ್ಷಾ ಆಗ್ತೈತೇನ್ರಿ?"

"ಆಗ್ತೈತಿ. ಸರಪಳಿ ಎಲ್ಲೂ ಹರೀಬಾರದು, ಅಷ್ಟ."

ನನಗೆ ಈ ಮನುಷ್ಯ ಇಷ್ಟವಾದ. ಇನ್ನೂ ಎರಡು ಮಾತು ಆಡುವಷ್ಟರಲ್ಲಿ ಕಾಕಾ ನಡುವೆ ಬಂದ. ಸಂಬಂಧ ಎಕ್ಸ್‌ರೇಯಲ್ಲಿ ಸಿಕ್ಕಿಕೊಂಡಿದೆ ಎಂಬುದು ಅವನ ಗಮನಕ್ಕೆ ಬಂದಿತ್ತು. ದೊಡ್ಡ ಮಾತಿನಿಂದ ಅದನ್ನು ಬಿಡಿಸಬಹುದೆಂದು ಅವನ ಲೆಕ್ಕ. "ವಕೀಲರ, ನಮ್ಮ ಹುಡುಗಿ ಬರೇ ಓದಾಕತ್ತಿಲ್ಲ. ಇಡೀ ಜಗತ್ತಿನಾಗ ಯಾರಿಗೂ ಸಿಗಲಾರದ್ದು ಕಂಡುಹಿಡದಾಳ. ಕರೀ ತೂತಿನೊಳಗ ಏನೇನು ಹೋಕ್ಕೈತಿ, ಅಷ್ಟೂ ಬರದಿಟ್ಟಾಳ. ನಿಮ್ಮ ಹುನಗುಂದದವರ ಆಕಿಗೆ ಸತ್ಕಾರ ಮಾಡೂರದಾರ, ನಿಮಗ ಗೊತ್ತಿಲ್ಲೇನು?"

ವಕೀಲರಿಗೆ ಗೊತ್ತಿರಲಿಲ್ಲ. ಹುನಗುಂದದವರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಮೊದಲ ಬಸ್ಸಿಗೆ ಹೋಗಿ, ತನ್ನ ಗಿರಾಕಿಗಳೂ ಗೆಳೆಯರೂ ಇದ್ದ ಅಲ್ಲಿಯ ಒಂದು ಸಂಘಕ್ಕೆ ಗೊತ್ತು ಮಾಡಿಸಿ ಬಂದ.

ನಾನು ಬೇಡ ಅನ್ನಬೇಕಿತ್ತು. "ಸರ್ ಇನ್ನಾ ನೋಡಿಲ್ಲ ಕಾಕಾ" ಎಂದು ಒಮ್ಮೆ ಹೇಳಿದ್ದು ನಿಜ. ಆದರೆ ಹೇಳಿದ ದನಿ, ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವಾಗ ಸಾಕು ಅನ್ನುವ ದನಿ. ಕಾಕಾ ಸರಿಯಾಗಿ ಅರ್ಥ ಮಾಡಿಕೊಂಡ. ಕರಪತ್ರ ಅಚ್ಚಾಗಿ ಬಂತು. ಅದರಲ್ಲಿ "ಕಪ್ಪು ರಂಧ್ರ" ಎಂದಿರಬೇಕಾದ ಕಡೆ ಅಚ್ಚಿನ ಮೊಳೆ ಜೋಡಿಸಿದವರು "ಕಪ್ಪು ಚಂದ್ರ" ಎಂದು ಜೋಡಿಸಿದ್ದರು. "ಕಪ್ಪು ಚಂದ್ರನನ್ನು ಕಂಡುಹಿಡಿದ ಇಳಕಲ್ಲಿನ ಎಕ್ಸ್‌ರೇ ತಜ್ಞೆಗೆ ಸತ್ಕಾರ." ನಾನು ಮೂಗು ಮುರಿದೆ, ಆಮೇಲೆ ಒಂದು ಪ್ರತಿಯನ್ನು ಮಡಚಿ ನನ್ನ ಚೀಲದಲ್ಲಿಟ್ಟುಕೊಂಡೆ.

ಸತ್ಕಾರದ ದಿನ ಬೆಳಿಗ್ಗೆ ಕಾಕಾನ ಅಂಗಡಿಯಿಂದ ಕರೆ ಬಂತು. ಬೆಂಗಳೂರಿನ ಟ್ರಂಕ್ ಕಾಲ್. ನಾನು ಓಡಿದೆ. ಅಂಗಡಿಯಲ್ಲಿ ಬಾಗಲಕೋಟೆಯಿಂದ ಮದುವೆ ಜವಳಿಗೆ ಬಂದವರು ಕಾಲಿಡಲು ಜಾಗವಿಲ್ಲದಂತೆ ಕೂತಿದ್ದರು. ಕೆಂಪು ಸೆರಗಿನ ಸೀರೆಗಳು ಗಾದಿಯ ತುಂಬ ಹರಡಿದ್ದವು. ಫೋನು ಇದ್ದದ್ದು ಅವರೆಲ್ಲರ ನಡುವೆ. ನನ್ನ ಮಾರ್ಗದರ್ಶಕರು ಮೈಸೂರಿನ ಕಡೆಯವರು, ಬೈಯುವಾಗಲೂ ಮೆತ್ತಗೆ ಮಾತಾಡುವವರು. ಆ ಲೈನಿನಲ್ಲಿ ಮೆತ್ತಗಿನ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ನಾನು ಕಿರುಚಿ ಖಾತ್ರಿ ಮಾಡಿಕೊಳ್ಳಬೇಕಾಯಿತು.

"ನಿನ್ನ ಕರಡು ಓದಿದೆ ಕಣಮ್ಮ. ನೀನು ಅಂಚಿನ ಕೋನ ನೋಡಿದ್ಯಾ?"

"ಯಾವ ಕೋನ ಸರ್?"

ಫೋನು ಗೊರಗೊರ ಅಂದಿತು. ಲೈನು ಹೋಯಿತೇನೋ ಅಂದುಕೊಂಡೆ. ಹೋಗಿದ್ದರೆ ಒಳ್ಳೆಯದಿತ್ತು.

"ಉಪಗ್ರಹ ಸುತ್ತುವಾಗ ಆ ನಕ್ಷತ್ರ ಭೂಮಿಯ ಮರೆಗೆ ಇಳಿಯುತ್ತಲ್ಲ, ಅಂಚಿಗೆ ಎಷ್ಟು ಹತ್ತಿರ ಇದೆ ಅನ್ನೋ ಕೋನ. ಅಂಚಿಗೆ ಬಂದ ಮೇಲಿನ ಅಳತೆ ಬಿಸಾಡಬೇಕು. ನೀನು ಬಿಸಾಡಿಲ್ಲ. ನಿನಗೆ ಕಂಡದ್ದು ಗಾಳಿ."

"ಗಾಳಿ ಸರ್?"

"ಗಾಳಿ."

"ಯಾವ ಗಾಳಿ ಸರ್, ನಕ್ಷತ್ರದ್ದಾ?"

"ನಮ್ಮ ಗಾಳಿ ಕಣಮ್ಮ! ಭೂಮಿ ಗಾಳಿ! ಉಸಿರಾಡ್ತೀವಲ್ಲ, ಅದು!"

"ನಾವು ಉಸಿರಾಡೋ ಗಾಳೀನಾ ಸರ್?" ಎಂದು ಇಡೀ ಇಳಕಲ್ಲಿಗೆ ಕೇಳುವಂತೆ ಕಿರುಚಿದೆ.

ಅಂಗಡಿಯಲ್ಲಿ ಸೀರೆ ನೋಡುವುದು ನಿಂತಿತ್ತು. ಮದುಮಗಳ ಕಡೆಯ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ಉಸರಾಟದ ತ್ರಾಸ ಇರಬೇಕ" ಎಂದಳು.

ಫೋನಿಟ್ಟು ಅಲ್ಲೇ ಕೂತೆ. ಯೋಚಿಸಿದಷ್ಟೂ ಸರಿಯಾಗಿಯೇ ಇತ್ತು. ಉಪಗ್ರಹ ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಹೆಚ್ಚಿನ ಸುತ್ತುಗಳಲ್ಲಿ ನಕ್ಷತ್ರ ಅಂಚಿಗೆ ಬರುವ ಮೊದಲೇ ಅಳತೆ ನಿಂತಿತ್ತು. ಮೂರು ಸುತ್ತುಗಳಲ್ಲಿ ಮಾತ್ರ ಕೊನೆಯತನಕ ನಡೆದಿತ್ತು. ಅಂಚಿನಲ್ಲಿ ನಕ್ಷತ್ರದ ಕಿರಣ ಭೂಮಿಯ ಗಾಳಿಯನ್ನು ಓರೆಯಾಗಿ ಹಾಯ್ದು ಬರುತ್ತದೆ, ಮೆತ್ತಗಿನ ಕಿರಣ ಮೊದಲು ಸಾಯುತ್ತದೆ. ಕಪ್ಪುಕುಳಿಯ ಪಕ್ಕದ ಅನಿಲವೆಂದು ನಾನು ವರ್ಣಿಸಿದ್ದು ನನ್ನ ಮೂಗಿನೊಳಗೇ ಹೋಗಿಬರುತ್ತಿತ್ತು. ದಾರಿ ತಪ್ಪಿದ ಮೂರನೆಯ ತಗ್ಗು, ಕೇಳಿದ್ದರೆ, ಅಂದೇ ನನಗೆ ಹೇಳುತ್ತಿತ್ತು. ಅದರ ಬಾಯಿಯನ್ನು ನಾನು ಎರಡು ಪುಟ ಬರೆದು ಮುಚ್ಚಿದ್ದೆ.

"ಕಾಕಾ, ಸತ್ಕಾರ ಬ್ಯಾಡ. ನಾ ಕಂಡಿದ್ದು ಸುಳ್ಳ ಐತಿ" ಎಂದೆ.

"ಶಾಮಿಯಾನಾ ಹಾಕ್ಯಾರ" ಎಂದ ಕಾಕಾ.

"ಏನ್ ಹೇಳ್ಲಿ ಅಲ್ಲಿ ಹೋಗಿ?"

"ಏನರ ಹೇಳು. ನೀ ಖರೆ ಹೇಳಿದ್ರ ಯಾರಿಗೆ ತಿಳೀತಿತ್ತು, ಸುಳ್ಳ ಹೇಳಿದ್ರ ತಿಳಿಯಾಕ?"

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ, "ಹೋಗೂದಂತೂ ಹೋಗಬೇಕು, ಜನ ಕುಂತಿರ್ತಾರ. ತಪ್ಪಿದ್ದು ಎಲ್ಲಿ ಅಂತ ತಿಳದೈತಲ್ಲ, ಅದನ್ನ ಹೇಳಿ ಬಾ" ಎಂದರು. ಹೆಡ್‌ಮಾಸ್ತರರ ಮನೆಯಲ್ಲಿ ಹುಟ್ಟಿದ್ದಕ್ಕೆ ಅಂದು ಮೊದಲ ಸಲ ಸಿಟ್ಟು ಬಂತು.

ಮಧ್ಯಾಹ್ನದ ಬಸ್ಸಿನಲ್ಲಿ ನಾಲ್ವರೂ ಹುನಗುಂದಕ್ಕೆ ಹೋದೆವು. ಕಾಕಾ ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆ ಕರಪತ್ರ ತೋರಿಸುತ್ತಿದ್ದ. ಬಸ್ಸು ಕೆಡಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಕೆಡಲಿಲ್ಲ. ಆ ಬಸ್ಸು ಸರಿಯಾದ ಹೊತ್ತಿಗೆ ಮುಟ್ಟಿದ್ದನ್ನು ನಾನು ಕಂಡದ್ದು ಅಂದೊಂದೇ ದಿನ.

ಸಭೆ ಊರಿನ ಅಂಚಿನ ಬಯಲಿನಲ್ಲಿತ್ತು, ವೇದಿಕೆ ಪಡುವಣಕ್ಕೆ ಎದುರಾಗಿ. ಸಂಜೆಯ ಬಿಸಿಲು ಶಾಮಿಯಾನದ ಕೆಳಗೆ ನುಗ್ಗುತ್ತಿತ್ತು. ಮುಂದಿನ ಸಾಲಿನಲ್ಲಿ ಹುಡುಗ, ಅವನ ತಾಯಿ. ಅವರ ಹಿಂದೆ ಮೂರ್ನಾಲ್ಕು ಜನ ತೊಡೆಯ ಮೇಲೆ ದೊಡ್ಡ ಕಂದು ಲಕೋಟೆಗಳನ್ನಿಟ್ಟುಕೊಂಡು ಕೂತಿದ್ದರು. ಆ ಲಕೋಟೆಗಳ ಪರಿಚಯ ನನಗಿತ್ತು. ಒಳಗೆ ಅವರ ಸೊಂಟಗಳಿದ್ದವು. ಅಧ್ಯಕ್ಷರು ಮಾತಾಡುತ್ತ, "ಬಿಳೇ ಚಂದ್ರನ ಮ್ಯಾಲೆ ಅಮೇರಿಕಾದವರು ಕಾಲಿಟ್ಟರು, ಕರೀ ಚಂದ್ರನ ಮ್ಯಾಲೆ ನಮ್ಮ ಇಳಕಲ್ಲ ಹುಡುಗಿ ಕಣ್ಣಿಟ್ಟಾಳ" ಎಂದರು. ದೊಡ್ಡ ಚಪ್ಪಾಳೆ. ನನಗೆ ಹಾರ ಹಾಕಿ, ಶಾಲು ಹೊದಿಸಿ, ಕೈಗೆ ಅಮೀನಗಡದ ಕರದಂಟಿನ ಡಬ್ಬಿ ಕೊಟ್ಟು ಮೈಕಿನ ಮುಂದೆ ನಿಲ್ಲಿಸಿದರು.

ಹಿಂದಿನ ವಾರವೇ ಬರೆದಿಟ್ಟ ಭಾಷಣ ಕೈಯಲ್ಲಿತ್ತು. "ಮಾನವನ ಜ್ಞಾನದಾಹವು ಅನಾದಿಕಾಲದಿಂದಲೂ" ಎಂದು ಶುರುವಾಗುತ್ತಿತ್ತು. ಅದನ್ನು ಡಬ್ಬಿಯ ಕೆಳಗೆ ಮುಚ್ಚಿಟ್ಟು ಹೇಳಿದೆ.

"ಎಲ್ಲಾ ಹಿರಿಯರಿಗೂ ಶರಣು. ನಾ ಕಂಡುಹಿಡದೇನಿ ಅಂದಿದ್ದು ತಪ್ಪಾಗೈತ್ರಿ. ಇವತ್ತ ಮುಂಜಾನೆ ಗೊತ್ತಾತು."

ಮಾತು ಮುಗಿಯಿತೆಂದು ತಿಳಿದು ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಹಾರವನ್ನೇ ನೋಡುತ್ತಿದ್ದರು. ಕಾಕಾ ಎದ್ದು ನಿಂತು, ಎಲ್ಲಿ ಹೋಗುವುದೆಂದು ತಿಳಿಯದೆ, ಮತ್ತೆ ಕೂತ.

ಏನು ಮಾಡಲೆಂದು ನಾನು ಎದುರಿಗೆ ನೋಡಿದೆ. ಸೂರ್ಯ ಮುಳುಗುವುದರಲ್ಲಿದ್ದ. ಬಾಯಿಗೆ ತಾನಾಗಿ ಮಾತು ಬಂತು. "ಎಲ್ಲಾರೂ ಒಮ್ಮೆ ಹೊಳ್ಳಿ ನೋಡ್ರಿ, ಹೊತ್ತು ಮುಣಗಾಕತ್ತೈತಿ. ಮಧ್ಯಾಹ್ನದಾಗ ಆ ಸೂರ್ಯನ್ನ ನೋಡಾಕ ಆಗ್ತಿತ್ತೇನ್ರಿ? ಕಣ್ಣು ಕುಕ್ಕತಿತ್ತು. ಈಗ ಕೆಂಪಗ ತಟ್ಟಿಯಂಗ ಕಾಣತೈತಿ. ಸೂರ್ಯಾಗ ಏನೂ ಆಗಿಲ್ಲ. ತೆಲಿ ಮ್ಯಾಲಿದ್ದಾಗ ತೆಳ್ಳಗ ಗಾಳಿ ದಾಟಿ ಬೆಳಕು ಬರ್ತಿತ್ತು, ಈಗ ಅಡ್ಡಾಗಿ ಭಾಳ ಗಾಳಿ ದಾಟಿ ಬರಾಕತ್ತೈತಿ. ನೀಲಿ ಬೆಳಕು ದಾರ್ಯಾಗ ಉದುರಿ ಕೆಂಪು ಉಳದೈತಿ. ನಮ್ಮ ಉಪಗ್ರಹದಾಗಿಂದ ನನ್ನ ನಕ್ಷತ್ರನೂ ಹಿಂಗ ಮುಣಗ್ತಿತ್ರಿ. ನಾ ಅದನ್ನ ನೋಡಿ, ನಕ್ಷತ್ರದ ಹತ್ರ ಏನೋ ಆಗೈತಿ ಅಂತ ಪುಟಗಟ್ಟಲೆ ಬರದೆ. ಆಗಿದ್ದು ಅಲ್ಲಿ ಅಲ್ಲ. ನಮ್ಮ ಮನಿ ಮುಂದ."

ಜನ ನಿಜವಾಗಿಯೂ ಹಿಂದೆ ತಿರುಗಿ ಸೂರ್ಯ ಮುಳುಗುವುದನ್ನು ನೋಡುತ್ತ ಕೂತರು. ಸಭಿಕರು ನನಗೆ ಬೆನ್ನು ಮಾಡಿ ಕೂತಿದ್ದರಿಂದ ನನಗೂ ಧೈರ್ಯ ಬಂತು. ಜೋಡಿ ನಕ್ಷತ್ರದ ಬಗ್ಗೆ, ಫುಗಡಿಯ ಬಗ್ಗೆ, ಗಾಳಿಯಾಚೆ ಯಾಕೆ ಹೋಗಬೇಕೆಂಬುದರ ಬಗ್ಗೆ ಹೇಳಿದೆ. ಮುಗಿದ ಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು, "ಹಂಗಾರ ಕಪ್ಪು ಚಂದ್ರ ಐತೋ ಇಲ್ಲೋ? ಒಂದ ಮಾತು ಹೇಳಿಬಿಡವಾ" ಎಂದರು. "ಕಪ್ಪು ಚಂದ್ರ ಇಲ್ರಿ, ಕಪ್ಪು ರಂಧ್ರ ಐತಿ ಅಂತಾರ. ಅದು ಮೊದಲಿಂದಾನ ಇತ್ತು, ನನ್ನಿಂದ ಅದಕ್ಕೇನೂ ಆಗಿಲ್ಲ" ಎಂದೆ. ಜನ ನಕ್ಕರು. ಅಧ್ಯಕ್ಷರಿಗೂ ಹಗುರಾಗಿ, "ಹಾರ ಹಾಕಿ ಆಗೈತಿ, ವಾಪಸ್ ಏನ್ ತಗೊಳ್ಳಂಗಿಲ್ಲ" ಎಂದರು.

ಆಗ ಮುಂದಿನ ಸಾಲಿನಿಂದ ಹುಡುಗನ ತಾಯಿ ಎದ್ದರು. ತುಂಬಿದ ಸಭೆಯಲ್ಲಿ, ಸೆರಗು ಸರಿಮಾಡಿಕೊಂಡು, ಕೇಳಿದರು.

"ಆ ನಕ್ಷತ್ರದ ಎಕ್ಸ್‌ರೇ ನಮ್ಮ ಗಾಳಿ ದಾಟಿ ಕೆಳಗ ಬರಂಗಿಲ್ಲ ಅಂತ ಖಾತ್ರಿ ಐತೇನವಾ?"

"ಖಾತ್ರಿ ಐತ್ರಿ ಅಮ್ಮಾರ. ಅದಕ್ಕ ನಾ ಸಿಕ್ಕಿಬಿದ್ದೇನಿ."

"ಮತ್ತ ನಿನ್ನ ಕೈಯಾಗ ಬರೂದೇನು?"

"ಬರೇ ಕಾಗದ್ರಿ. ಎಣಿಕಿ ಬರದ ಕಾಗದ."

"ಹಿಂಗ ಅಂತ ಮೊದಲ ಹೇಳಬಾರದೇನು?" ಎಂದು ಅವರು ಕೂತರು. ಎಕ್ಸ್‌ರೇ ನೆಲಕ್ಕೆ ಬರುವುದಿಲ್ಲವೆಂದು ನಾನು ಆಣೆ ಮಾಡಿ ಹೇಳಿದ್ದರೂ ಅವರು ನಂಬುತ್ತಿದ್ದರೋ ಇಲ್ಲವೋ. ಸಭೆಯ ಎದುರು ಮರ್ಯಾದೆ ಕಳೆದುಕೊಂಡು ಹೇಳಿದ್ದರಿಂದ ನಂಬಿದರು. ಲಕೋಟೆಯವರು ಮಾತ್ರ ನನ್ನನ್ನು ಬಿಡಲಿಲ್ಲ. ಕತ್ತಲಾಗುವ ಮುಂಚೆ ಆ ಕೆಂಪು ಬೆಳಕಿಗೇ ಎಲ್ಲರ ಸೊಂಟ ನೋಡಿ, ಡಾಕ್ಟರು ಹೇಳಿದ್ದೇ ಸರಿ ಎಂದು ಹೇಳಿ ಬಸ್ಸು ಹತ್ತಿದೆ.

ವಾರದೊಳಗೆ ಒಪ್ಪಿಗೆ ಬಂತು. ಎರಡೂ ಮನೆಯವರು ಕೂಡಿ ಬಾದಾಮಿಗೆ ಹೋಗಿ, ಚೊಳಚಗುಡ್ಡದ ಬನಶಂಕರಿಗೆ ಕಾಯಿ ಒಡೆಸಿದೆವು. ಹೊಂಡದ ಮೆಟ್ಟಿಲ ಮೇಲೆ ವಕೀಲರಿಗೂ ನನಗೂ ಸ್ವಲ್ಪ ಮಾತಾಡಲು ಬಿಟ್ಟಿದ್ದರು. "ನೀವು ಸುಮ್ನ ಸತ್ಕಾರ ಮಾಡಿಸ್ಕೊಂಡು ಬಂದಿದ್ರ ಯಾರಿಗೂ ತಿಳೀತಿದ್ದಿಲ್ಲ. ಎದ್ದು ನಿಂತು ಖರೆ ಹೇಳಿದ್ರಲ್ಲ, ಅದು ನನಗ ಭಾಳ ಸೇರ್ತು" ಎಂದರು. ಹೊಗಳಿಕೆ ಕೇಳಿ ಸುಮ್ಮನಿರಬಹುದಿತ್ತು. "ಮುಂಜಾನಿ ಕಾಕಾನ ಅಂಗಡ್ಯಾಗ ಬಾಗಲಕೋಟಿ ಮಂದಿ ಎಲ್ಲಾ ಕೇಳ್ಯಾರ್ರಿ. ಮುಚ್ಚಿಡಾಕ ಏನೂ ಉಳದಿದ್ದಿಲ್ಲ" ಎಂದೆ. ಅವರು ಬಹಳ ಹೊತ್ತು ನಕ್ಕರು. ದೂರದಲ್ಲಿ ಕೂತಿದ್ದ ಅವ್ವ, ಮಗಳು ಏನು ಹೇಳಿ ಕೆಡಿಸಿದಳೋ ಎಂದು ಕತ್ತು ಎತ್ತಿ ನೋಡಿದಳು.

ಬೆಂಗಳೂರಿಗೆ ಹಿಂದಿರುಗಿದಾಗ ಮಾರ್ಗದರ್ಶಕರು ನನ್ನ ಕರಡನ್ನು ಕೈಗೆ ಕೊಟ್ಟು, "ಎರಡು ಪುಟ ಇದೆಯಲ್ಲ, ಮೂರನೇ ತಗ್ಗಿನದು, ಅದನ್ನ ಚೆನ್ನಾಗಿ ಬರೆದಿದ್ದೀಯ" ಎಂದರು. ನಾನು ಅಂಚಿನ ಅಳತೆಗಳನ್ನೆಲ್ಲ ಬಿಸಾಡಿ ಮೊದಲಿನಿಂದ ಶುರುಮಾಡಿದೆ. ಮದುವೆಯಾಯಿತು, ಅರ್ಧ ತಿಂಗಳು ಹುನಗುಂದ, ಅರ್ಧ ತಿಂಗಳು ಬೆಂಗಳೂರು ಎಂದು ಓಡಾಡಿದೆ. ಉಪಗ್ರಹದ ಹಳೆಯ ಟೇಪುಗಳನ್ನೂ ಸೇರಿಸಿ, ಐದೂವರೆ ದಿನದ ಒಂದೊಂದು ಸುತ್ತಿನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಗೆರೆ ನೇರವಾಗಿಯೇ ಇತ್ತು. ಬಹಳ ತಿಂಗಳು ನೇರವಾಗಿಯೇ ಇತ್ತು. ಆಮೇಲೆ ನೀಲಿ ನಕ್ಷತ್ರ ಮುಂದೆ ಬರುವ ಜಾಗದಲ್ಲಿ ಅದು ಒಂದಿಷ್ಟು ಬಾಗಿತು. ನಿಜವಾದ ಧಾರೆ, ಅಥವಾ ಧಾರೆಯ ಒಂದು ತುಣುಕು. ಈ ಸಲ ಯಾರಿಗೂ ಹೇಳಲಿಲ್ಲ. ಅಂಚಿನ ಕೋನವನ್ನು ಮತ್ತೆ ಮತ್ತೆ ನೋಡಿದೆ, ಮಾರ್ಗದರ್ಶಕರೂ ನೋಡಿದರು. ಇಂಥ ತಗ್ಗುಗಳನ್ನು ಬೇರೆ ದೇಶ, ಬೇರೆ ಉಪಗ್ರಹದವರು ನಮಗಿಂತ ಮೊದಲೇ ಕಂಡಿದ್ದರೆಂದು ಆಗ ಓದಿ ತಿಳಿಯಿತು. ನಮ್ಮದು "ಹೌದು, ಬರೋಬರಿ ಐತಿ" ಎಂದು ಹೇಳುವ ಕೆಲಸ. ಅದರಲ್ಲಿ ನನಗೆ ಅನುಭವವಿತ್ತು.

ಪ್ರಬಂಧ ಅಚ್ಚಾಗಿ ಒಂದು ಪ್ರತಿ ಹುನಗುಂದದ ಮನೆಗೆ ಬಂದದ್ದು ಶ್ರಾವಣದಲ್ಲಿ. ಅತ್ತೆ ಅಡುಗೆಮನೆಯಲ್ಲಿ ಕೂತಿದ್ದರು. ಕಡಲೆಬೇಳೆ ಬೆಂದು ಬಸಿದಾಗಿತ್ತು. ನನ್ನ ಹೆಸರು ಮೂರನೆಯದಾಗಿ ಇದ್ದ ಜಾಗ ತೋರಿಸಿದೆ. ಆಮೇಲೆ ಚಿತ್ರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಮೂಗಿನ ಹತ್ತಿರ ತಂದರು.

"ಇದರಾಗ ನಿನ್ನ ರಂಧ್ರ ಎಲ್ಲೈತಿ?"

"ರಂಧ್ರ ಕಾಣಂಗಿಲ್ರಿ ಅತ್ತಿ. ಗೆರಿ ಇಲ್ಲೊಂದಿಷ್ಟು ಇಳದೈತಿ ನೋಡ್ರಿ, ಅಲ್ಲಿ ಅದರ ಮುಂದ ಅನಿಲ ಹಾದು ಹೋಗೈತಿ."

"ಇಷ್ಟ?"

"ಇಷ್ಟರಿ."

"ಇದಕ್ಕ ಎಷ್ಟು ದಿನಾ ಬೇಕಾತು?"

"ಎರಡು ವರ್ಷಾ ಆತ್ರಿ."

ಅವರು ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಬಾಗಿದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒಂದು ಸಲ ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಹೌದವಾ, ಇಳದೈತಿ" ಎಂದರು. ಕಾಗದವನ್ನು ಎಣ್ಣೆ ತಾಗದ ಹಾಗೆ ಮೇಲಿನ ಮಾಡದಲ್ಲಿಟ್ಟು ಬಂದು, ಹೂರಣಕ್ಕೆ ಬೆಲ್ಲ ಒಡೆದುಕೊಡು ಎಂದು ನನ್ನ ಕೈಗೆ ಗುಂಡುಕಲ್ಲು ಕೊಟ್ಟರು.